ಅಮ್ಮನ ನಂಬಿಕೆ ರೋಗ, ಮಾವನ ನಂಬಿಕೆ ರೋಗವಲ್ಲ: ಅದು ಹೇಗೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಹಳ್ಳಿ. ಅಮ್ಮನಿಗೆ 61 ವರ್ಷ, ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತರಾದವರು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಗುಡ್ಡದ ಆಚೆಯ ನೆರೆಮನೆಯವರು ನಮ್ಮ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದದ್ದು) ನೀರಿಗೆ ವಿಷ ಸೇರಿಸುತ್ತಿದ್ದಾರೆ ಎಂದು ಎಂಟು ತಿಂಗಳಿಂದ ಹೇಳುತ್ತಿದ್ದಾರೆ. ದಿನಕ್ಕೊಂದು ಬಾಟಲಿಯಲ್ಲಿ ನೀರು ಹಿಡಿದು, ತಾರೀಕು ಬರೆದ ಚೀಟಿ ಅಂಟಿಸಿ, ಅಟ್ಟದ ಮೆಟ್ಟಿಲಲ್ಲಿ ಸಾಲಾಗಿ ಇಡುತ್ತಾರೆ. ಆಚೆಯವರು ಬೆಳಿಗ್ಗೆ ಪಂಪನ್ನು ಎರಡು ಸಲ ಹಾಕಿ ನಿಲ್ಲಿಸಿದರೆ ಅದು ಸಂಜ್ಞೆಯಂತೆ. ಬೇರೆ ಯಾವುದರಲ್ಲೂ ವ್ಯತ್ಯಾಸವಿಲ್ಲ. ಅಡಿಕೆಯ ಲೆಕ್ಕ, ಪೆನ್ಶನ್, ಮೊಮ್ಮಕ್ಕಳ ಪಾಠ ಎಲ್ಲ ಮೊದಲಿನ ಹಾಗೆಯೇ. ಡಾಕ್ಟರು ಫೈಲಿನಲ್ಲಿ ‘ಡೆಲ್ಯೂಶನಲ್ ಡಿಸಾರ್ಡರ್, ಪರ್ಸಿಕ್ಯೂಟರಿ ಟೈಪ್’ ಎಂದು ಬರೆದಿದ್ದಾರೆ. ಸೋದರಮಾವ ಇದು ಯಾರೋ ಮಾಡಿಸಿದ ಮಾಟ ಅನ್ನುತ್ತಾರೆ. ಅವರ ಮಾತಿಗೂ ಸಾಕ್ಷಿಯಿಲ್ಲ. ಹಾಗಾದರೆ ಅವರದ್ದೇಕೆ ರೋಗವಲ್ಲ? ಅಮ್ಮನ ಜೊತೆಗಿರುವ ಚಿಕ್ಕಮ್ಮನೂ ಈಗ ನೀರು ಕಹಿ ಅನ್ನತೊಡಗಿದ್ದಾರೆ. ಇದು ಸ್ಕಿಜೋಫ್ರೇನಿಯವೇ? ನೀರನ್ನು ಪರೀಕ್ಷೆ ಮಾಡಿಸಿ ರಿಪೋರ್ಟ್ ತೋರಿಸಿದರೆ ನಂಬಿಯಾರೇ? ಅಮ್ಮ ಮಾತ್ರೆ ಮುಟ್ಟುವುದಿಲ್ಲ. ಕಾಫಿಗೆ ಬೆರೆಸಿ ಕೊಡಿ ಎಂದು ಸಂಬಂಧಿಕರೊಬ್ಬರು ಹೇಳಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅದು ತಡಮಾಡುವ ವಿಷಯವಲ್ಲ. ಕಾಫಿಗೆ ಮಾತ್ರೆ ಬೆರೆಸಬೇಡಿ. ಯಾರು ಹೇಳಿದರೂ ಬೆರೆಸಬೇಡಿ. ತನ್ನ ನೀರಿಗೆ ಯಾರೋ ಏನೋ ಹಾಕುತ್ತಿದ್ದಾರೆ ಎಂದು ಎಂಟು ತಿಂಗಳಿಂದ ಹೆದರಿ ಬದುಕುತ್ತಿರುವ ಹೆಂಗಸು ಅವರು. ಲೋಟದ ತಳದಲ್ಲಿ ಕರಗದೆ ಉಳಿದ ಬಿಳಿ ಪುಡಿ ಒಂದು ದಿನ ಅವರ ಕಣ್ಣಿಗೆ ಬಿತ್ತು ಎಂದಿಟ್ಟುಕೊಳ್ಳಿ. ಅಂದಿನಿಂದ ಅವರ ಮಾತು ನಿಜವೇ ಆಗಿಬಿಡುತ್ತದೆ. ನೆರೆಮನೆಯವರ ಜಾಗದಲ್ಲಿ ಮಗಳೇ ನಿಂತಿರುತ್ತಾಳೆ. ಹೀಗೆ ಮಾಡಿದ ಮನೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ತಾಯಿ ಆಮೇಲೆ ಮನೆಯ ಅನ್ನವನ್ನೂ ಬಿಟ್ಟರು. ಒಪ್ಪಿಗೆ ಕೇಳಿ ಚಿಕಿತ್ಸೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಆದರೆ ಕಾನೂನಿಗಿಂತ ಮೊದಲು ನಾನು ಹೆದರುವುದು ನಿಮ್ಮ ತಾಯಿ-ಮಗಳ ನಡುವಿನ ನಂಬಿಕೆ ಮುರಿದೀತು ಎಂದು. ಚಿಕಿತ್ಸೆ ನಡೆಯಬೇಕಾದ ದಾರಿ ಅದೊಂದೇ.

ಇನ್ನು ಡಾಕ್ಟರು ಬರೆದ ಶಬ್ದಕ್ಕೆ ಬರೋಣ. ಕನ್ನಡದಲ್ಲಿ ನಮಗೊಂದು ತೊಂದರೆಯಿದೆ. ಇಲ್ಲದ ದನಿ ಕೇಳಿಸುವುದಕ್ಕೂ ‘ಭ್ರಮೆ’, ಹಗ್ಗ ಹಾವಾಗಿ ಕಾಣುವುದಕ್ಕೂ ‘ಭ್ರಮೆ’, ಇಲ್ಲದ್ದನ್ನು ನಂಬುವುದಕ್ಕೂ ‘ಭ್ರಮೆ’ ಅನ್ನುತ್ತೇವೆ. ಮನೋವೈದ್ಯಶಾಸ್ತ್ರದಲ್ಲಿ ಈ ಮೂರೂ ಬೇರೆ ಬೇರೆ. ಮೊದಲನೆಯದು ಹ್ಯಾಲೂಸಿನೇಶನ್: ಹೊರಗೆ ಏನೂ ಇಲ್ಲದಿದ್ದರೂ ಇಂದ್ರಿಯಕ್ಕೆ ಅನುಭವವಾಗುತ್ತದೆ. ಎರಡನೆಯದು ಇಲ್ಯೂಶನ್: ಇರುವುದೇ ಬೇರೆಯಾಗಿ ಕಾಣುತ್ತದೆ. ಮೂರನೆಯದು ಡೆಲ್ಯೂಶನ್. ಇದು ಕಣ್ಣು-ಕಿವಿಗೆ ಸಂಬಂಧಿಸಿದ್ದಲ್ಲ, ನಂಬಿಕೆಗೆ ಸಂಬಂಧಿಸಿದ್ದು. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ಹೆದರಿದವನ ಮುಂದೆ ದೀಪ ತಂದರೆ ಹಾವು ಹೋಗುತ್ತದೆ. ಡೆಲ್ಯೂಶನ್ನಿನಲ್ಲಿ ದೀಪ ತಂದರೂ ಹಾವು ಹೋಗುವುದಿಲ್ಲ. ‘ಈ ದೀಪವನ್ನು ಯಾಕೆ ತಂದಿರಿ, ಯಾರು ಹೇಳಿ ತಂದಿರಿ?’ ಎಂದು ಅವರು ನಿಮ್ಮನ್ನೇ ಕೇಳುತ್ತಾರೆ. ಊರಲ್ಲಿ ‘ಸಂಶಯದ ಕಾಯಿಲೆ’ ಅನ್ನುವುದು ಇದರ ಒಂದು ಬಗೆಯನ್ನು. ಈ ಉತ್ತರದಲ್ಲಿ ನಾನು ಡೆಲ್ಯೂಶನ್ನಿಗೆ ‘ಭ್ರಾಂತಿ’ ಎಂಬ ಪದ ಬಳಸುತ್ತೇನೆ.

ಭ್ರಾಂತಿಗೆ ಲಕ್ಷಣ ಕಟ್ಟಿಕೊಟ್ಟವರಲ್ಲಿ ದೊಡ್ಡ ಹೆಸರು ಕಾರ್ಲ್ ಯಾಸ್ಪರ್ಸ್. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಈ ವೈದ್ಯರು 1913ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಮೂರು ಗುರುತುಗಳನ್ನು ಹೇಳಿದರು. ನಂಬಿಕೆ ಅಸಾಧಾರಣ ಖಚಿತತೆಯಿಂದ ಕೂಡಿರುತ್ತದೆ. ಅನುಭವವಾಗಲಿ ವಾದವಾಗಲಿ ಅದನ್ನು ಅಲುಗಾಡಿಸುವುದಿಲ್ಲ. ನಂಬಿದ ವಿಷಯ ನಡೆಯಲಾರದಂಥದ್ದು. ನೂರು ವರ್ಷ ಕಳೆದ ಮೇಲೂ ಮೊದಲ ಎರಡು ಗಟ್ಟಿಯಾಗಿ ನಿಂತಿವೆ. ಮೂರನೆಯದು ಮಾತ್ರ ಕಾಲಕಾಲಕ್ಕೆ ಪೆಟ್ಟು ತಿನ್ನುತ್ತಲೇ ಬಂದಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಡಿಎಸ್‌ಎಂ 1994ರ ಆವೃತ್ತಿಯಲ್ಲೂ ಭ್ರಾಂತಿಯನ್ನು ‘ಸುಳ್ಳು ನಂಬಿಕೆ’ ಎಂದೇ ಕರೆಯುತ್ತಿತ್ತು. 2013ರ ಡಿಎಸ್‌ಎಂ-5ರ ಮುಖ್ಯ ವಿವರಣೆಯಲ್ಲಿ ಬೇರೆ ಮಾತು ಬಂತು: ವಿರುದ್ಧವಾದ ಸಾಕ್ಷಿ ಎದುರಿಗಿದ್ದರೂ ಬದಲಾಗದ, ಗಟ್ಟಿ ನೆಟ್ಟ ನಂಬಿಕೆ.

ಈ ಬದಲಾವಣೆ ಎಷ್ಟು ಮುಖ್ಯ ಎಂದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ‘ಆಕಾಶದಿಂದ ನಮ್ಮ ಮೇಲೆ ವಿಷ ಸುರಿಯುತ್ತಿದ್ದಾರೆ, ನಮ್ಮ ತೋಡಿನ ನೀರು ಹಾಳಾಗಿದೆ’ ಎಂದು ಯಾರಾದರೂ ದೂರದ ಊರಿನ ಆಸ್ಪತ್ರೆಯಲ್ಲಿ ಹೇಳಿದರೆ, ಕಾಸರಗೋಡು ಗೊತ್ತಿಲ್ಲದ ಡಾಕ್ಟರು ಏನು ಬರೆದಾರು? ಆದರೆ 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆಯಂಥ ಊರುಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ನಿಜ. ಜೇನುನೊಣ ಸಾಯುತ್ತಿವೆ, ಮಕ್ಕಳು ಹೀಗೇಕೆ ಹುಟ್ಟುತ್ತಿದ್ದಾರೆ ಎಂದು ಕೇಳಿದವರ ಮಾತನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲೆಲ್ಲ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು. ಹಾಗಾಗಿ ನಿಮ್ಮ ಅಮ್ಮನ ಮಾತು ಕೇಳಿದ ಕೂಡಲೇ ‘ಇದು ಅಸಾಧ್ಯ’ ಎಂದು ನಾನು ಹೇಳಲಾರೆ. ನಮ್ಮ ಮಣ್ಣಿನಲ್ಲಿ ನೀರಿನ ಭಯಕ್ಕೆ ಬೇರಿದೆ. ಅದರ ಮೇಲೆ ನಿಮ್ಮದು ಸುರಂಗದ ನೀರು. ಬಾಯಿ ನಿಮ್ಮ ಅಂಗಳದಲ್ಲಿ. ಒಳಗೆ ಅದು ಮುರಕಲ್ಲನ್ನು ಕೊರೆದುಕೊಂಡು ಎಲ್ಲಿಯವರೆಗೆ ಹೋಗಿದೆ, ಯಾರ ಜಾಗದ ಕೆಳಗೆ ಹೋಗಿದೆ ಎಂದು ನೋಡಿದವರು ಕಡಿಮೆ.

ಹಾಗಿದ್ದರೂ ನಿಮ್ಮ ಡಾಕ್ಟರು ಅದನ್ನು ಭ್ರಾಂತಿ ಎಂದು ಬರೆದರು, ನೀವು ತಿಳಿಸಿದಷ್ಟರಿಂದ ನನಗೂ ಅದು ಸರಿ ಎನಿಸುತ್ತದೆ. ಅದಕ್ಕೆ ಕಾರಣ ಅಮ್ಮ ನಂಬಿದ ವಿಷಯವಲ್ಲ, ನಂಬಿದ ರೀತಿ. ಎಂಡೋಸಲ್ಫಾನಿನ ಬಗ್ಗೆ ಮಾತೆತ್ತಿದವರು ಅಕ್ಕಪಕ್ಕದ ಮನೆಗಳನ್ನು ವಿಚಾರಿಸಿದರು, ರಕ್ತ-ನೀರಿನ ಪರೀಕ್ಷೆ ಬೇಡಿದರು, ‘ನಾವು ತಪ್ಪಿರಬಹುದು, ನೀವೇ ಬಂದು ನೋಡಿ’ ಅಂದರು. ಅಮ್ಮನ ಬಾಟಲಿಗಳನ್ನು ಗಮನಿಸಿ. ಎಂಟು ತಿಂಗಳ ನೀರು ಮೆಟ್ಟಿಲ ಮೇಲಿದೆ. ಅದರಲ್ಲಿ ಒಂದನ್ನಾದರೂ ಅವರು ಪರೀಕ್ಷೆಗೆ ಕೊಟ್ಟರೇ? ನಿಮ್ಮ ಪತ್ರದಲ್ಲಿ ಅದಿಲ್ಲ, ಕೊಟ್ಟಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ. ತೀರ್ಪು ಮೊದಲೇ ಆಗಿಹೋಗಿದೆ. ಬಾಟಲಿಗಳು ತನಿಖೆಗಾಗಿ ಇಟ್ಟವಲ್ಲ, ಶಾಲೆಯ ಹಾಜರಿ ಪುಸ್ತಕದ ಹಾಗೆ ಅನ್ಯಾಯದ ದಿನಗಳನ್ನು ದಾಖಲಿಸಲು ಇಟ್ಟವು. ಪಂಪಿನ ಸದ್ದೂ ಹಾಗೆಯೇ. ಕರೆಂಟು ಬಂದು ಹೋಗುವ ಊರಲ್ಲಿ ಯಾರ ಪಂಪೂ ಎರಡು ಸಲ ನಿಲ್ಲುತ್ತದೆ. ಅದನ್ನೇ ‘ನನಗಾಗಿ ಮಾಡಿದ ಸಂಜ್ಞೆ’ ಎಂದು ಕೇಳಿಸಿಕೊಳ್ಳುವ ಕಿವಿ ಬೇರೆ.

ಇದೇ ಎಳೆಯಲ್ಲಿ ಮಾವನ ವಿಷಯಕ್ಕೆ ಬರುತ್ತೇನೆ. ನೀವು ಕೇಳಿದ್ದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಮನೋವೈದ್ಯರೂ ಇದರ ಮುಂದೆ ತಡವರಿಸಿದ್ದಾರೆ. ಮಾಟದ ನಂಬಿಕೆಗೆ ಸಾಕ್ಷಿ ಇಲ್ಲ ಅನ್ನುವುದು ಸರಿ. ಆದರೆ ಅದು ಮಾವನೊಬ್ಬರ ತಲೆಯಲ್ಲಿ ಹುಟ್ಟಿದ್ದಲ್ಲ. ಅಜ್ಜಿಯಿಂದ, ಊರಿಂದ, ಜೋಯಿಸರ ಬಾಯಿಂದ ಬಂದದ್ದು. ಅವರೊಡನೆ ಅದನ್ನು ಹಂಚಿಕೊಳ್ಳುವವರು ನೂರಾರು ಮಂದಿ. ಅದಕ್ಕೊಂದು ಕ್ರಮವಿದೆ: ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ಪರಿಹಾರ ಮಾಡಿಸುತ್ತಾರೆ, ಹರಕೆ ಹೊರುತ್ತಾರೆ, ಮನಸ್ಸು ಹಗುರ ಮಾಡಿಕೊಂಡು ಮರುದಿನ ತೋಟಕ್ಕೆ ಹೋಗುತ್ತಾರೆ. ಪ್ರಶ್ನೆಯಲ್ಲಿ ‘ಇಲ್ಲಿ ಮಾಟವಿಲ್ಲ’ ಎಂದು ಬಂದರೆ ಮಾವ ಒಪ್ಪುತ್ತಾರೆ. ಅದಕ್ಕಾಗಿಯೇ ಭ್ರಾಂತಿಯ ಲಕ್ಷಣ ಹೇಳುವಾಗ, ವ್ಯಕ್ತಿಯ ಸಮುದಾಯದಲ್ಲಿ ಸಾಮಾನ್ಯವಾಗಿ ಇರುವ ನಂಬಿಕೆಯನ್ನು ಅದರಿಂದ ಹೊರಗಿಡುತ್ತಾರೆ. ನಮ್ಮ 2017ರ ಕಾಯ್ದೆಯೂ ಒಬ್ಬರ ಜಾತಿ-ಧರ್ಮವನ್ನು ನೋಡಿಯೋ, ಅವರು ಸಮುದಾಯದ ಮೌಲ್ಯಗಳನ್ನು ಒಪ್ಪುವುದಿಲ್ಲ ಎಂಬ ಕಾರಣಕ್ಕೋ ಮಾನಸಿಕ ರೋಗಿ ಎಂದು ನಿರ್ಧರಿಸಬಾರದು ಎನ್ನುತ್ತದೆ.

ಚಂದ್ರಗಿರಿ ಹೊಳೆಯ ಈಚೆಗೆ ಕೋಲ-ನೇಮ, ಆಚೆಗೆ ಕಳಿಯಾಟದ ತೆಯ್ಯಂ. ಅಲ್ಲಿ ದೈವವಾಗಿ ನುಡಿ ಕೊಡುವವರು ಭ್ರಾಂತಿಗೆ ಒಳಗಾದವರಲ್ಲ. ಆ ಸ್ಥಿತಿಗೆ ಒಂದು ರಾತ್ರಿ, ಒಂದು ಜಾಗ, ಒಂದು ವೇಷ, ಒಂದು ಮುಗಿತಾಯ ಇದೆ. ಮುಡಿ ಇಳಿಸಿದ ಮೇಲೆ ಅವರು ಅವರೇ. ಆದರೆ ಯಾರಾದರೂ ನೇಮವಿಲ್ಲದ ದಿನ, ಯಾರೂ ಕರೆಯದೆ, ತಿಂಗಳುಗಟ್ಟಲೆ ತಾನೇ ದೈವವೆಂದು ಬಸ್ ಸ್ಟ್ಯಾಂಡಿನಲ್ಲಿ ನಿಂತು ಆಜ್ಞೆ ಕೊಟ್ಟರೆ, ಮೊದಲು ಗಾಬರಿಯಾಗುವವರು ಡಾಕ್ಟರಲ್ಲ, ಸ್ಥಾನದ ಹಿರಿಯರೇ. ಹಾಗಾಗಿ ನಾನು ಮನೆಯವರಲ್ಲಿ ಕೇಳುವ ಒಂದು ಪ್ರಶ್ನೆ ಇದೆ: ‘ಇದನ್ನು ನಂಬುವ ನಿಮ್ಮವರೇ ಇದನ್ನು ಕೇಳಿ ಏನಂದರು?’ ಮಾಟದ ಮಾತೂ ಭ್ರಾಂತಿಯಾಗಬಹುದು. ಹಿಂದೊಮ್ಮೆ ಒಬ್ಬರು ಬಂದಿದ್ದರು. ತನಗೆ ಮಾಟವಾಗಿದೆ ಎಂದು ಮಂತ್ರವಾದಿಯ ಬಳಿ ಹೋದರು. ಆತ ಏನೂ ಇಲ್ಲವೆಂದು ಹೇಳಿ ಕಳಿಸಿದ. ಅವರು ಇನ್ನೊಬ್ಬರ ಬಳಿ ಹೋದರು, ಆಮೇಲೆ ಮತ್ತೊಬ್ಬರ ಬಳಿ. ಕೊನೆಗೆ ‘ಮೂವರನ್ನೂ ದುಡ್ಡು ಕೊಟ್ಟು ಕೊಂಡುಕೊಂಡಿದ್ದಾರೆ’ ಎಂಬ ತೀರ್ಮಾನಕ್ಕೆ ಬಂದರು. ಮಾತು ಸಮುದಾಯದ್ದೇ, ಆದರೆ ಅವರು ಸಮುದಾಯದ ಕೈ ಬಿಡಿಸಿಕೊಂಡು ಬಹಳ ದೂರ ಬಂದಿದ್ದರು.

ನಂಬಿಕೆಗೂ ಭ್ರಾಂತಿಗೂ ನಡುವೆ ಒಂದು ಮೆಟ್ಟಿಲಿದೆ ಎಂದು ಜರ್ಮನಿಯ ಕಾರ್ಲ್ ವೆರ್ನಿಕೆ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಗುರುತಿಸಿದ್ದರು. ಅದು ಅತಿಮೌಲ್ಯದ ವಿಚಾರ. ಜಾಗದ ಗಡಿಕಲ್ಲಿನ ತಕರಾರಿಗೆ ಇಪ್ಪತ್ತು ವರ್ಷ ಕೋರ್ಟು ಅಲೆದು ಅರ್ಧ ತೋಟ ಕಳೆದುಕೊಂಡವರು ನಿಮ್ಮೂರಲ್ಲೂ ಇದ್ದಾರು. ಅವರ ಬದುಕೆಲ್ಲ ಆ ಒಂದು ವಿಚಾರದ ಸುತ್ತ ತಿರುಗುತ್ತದೆ. ಆದರೆ ಅದು ಹೇಗೆ ಹುಟ್ಟಿತು ಎಂದು ಕೇಳಿದವರಿಗೆ ಅರ್ಥವಾಗುತ್ತದೆ. ಗಟ್ಟಿಯಾಗಿ ಕೇಳಿದರೆ ಅವರೂ ಒಮ್ಮೆ ‘ಬಿಟ್ಟುಬಿಡಬಹುದಿತ್ತು’ ಎಂದಾರು. ಈ ಗೆರೆ ಎಲ್ಲಾ ಸಲವೂ ಸ್ಪಷ್ಟವಾಗಿರುವುದಿಲ್ಲ. ಒಂದೇ ಭೇಟಿಯಲ್ಲಿ ಅದನ್ನು ಎಳೆದುಬಿಡುವ ವೈದ್ಯರ ಬಗ್ಗೆ ನನಗೆ ಸಮಾಧಾನವಿಲ್ಲ.

ವರ್ಗೀಕರಣದಲ್ಲಿ ಜನರಿಗೆ ಹೆಚ್ಚು ಪರಿಚಯವಿರುವುದು ವಿಷಯದ ಪ್ರಕಾರ ಮಾಡಿದ್ದು. ಯಾರೋ ಕೇಡು ಮಾಡುತ್ತಿದ್ದಾರೆ ಎಂಬ ಕಿರುಕುಳದ ಭ್ರಾಂತಿ ಎಲ್ಲಕ್ಕಿಂತ ಹೆಚ್ಚು ಕಾಣುವಂಥದ್ದು, ಅಮ್ಮನದ್ದು ಇದೇ. ತಾನು ಅವತಾರಪುರುಷ, ಲೋಕ ಬದಲಿಸುವ ಯಂತ್ರ ಕಂಡುಹಿಡಿದಿದ್ದೇನೆ ಎಂಬುದು ಹಿರಿಮೆಯ ಭ್ರಾಂತಿ. ದೊಡ್ಡ ಸ್ಥಾನದಲ್ಲಿರುವ ಯಾರೋ ತನ್ನನ್ನು ಗುಟ್ಟಾಗಿ ಪ್ರೀತಿಸುತ್ತಿದ್ದಾರೆ ಎಂಬುದನ್ನು 1921ರಲ್ಲಿ ಫ್ರಾನ್ಸಿನ ಕ್ಲೆರಂಬೋ ವಿವರಿಸಿದರು. ಚರ್ಮದೊಳಗೆ ಹುಳ ಹರಿದಾಡುತ್ತಿದೆ ಎಂಬುದಕ್ಕೆ 1938ರಲ್ಲಿ ಬರೆದ ಸ್ವೀಡನ್ನಿನ ಎಕ್‌ಬೊಮ್ ಹೆಸರು ಅಂಟಿಕೊಂಡಿದೆ. ಈ ರೋಗಿಗಳು ಬೆಂಕಿಪೆಟ್ಟಿಗೆಯಲ್ಲಿ ‘ಹುಳ’ ಹಿಡಿದು ತರುತ್ತಾರೆ. ಬಿಚ್ಚಿದರೆ ಒಣಚರ್ಮದ ಸಿಪ್ಪೆ, ಬಟ್ಟೆಯ ನೂಲು. ಅವರು ಮೊದಲು ಬರುವುದೂ ಚರ್ಮದ ಡಾಕ್ಟರ ಹತ್ತಿರ. ಗಂಡ-ಹೆಂಡಿರ ನಡುವಿನ ಸಂಶಯದ ಭ್ರಾಂತಿಯನ್ನು ನಾನು ಎಲ್ಲಕ್ಕಿಂತ ಎಚ್ಚರದಿಂದ ನೋಡುತ್ತೇನೆ, ಅಲ್ಲಿ ಹೊಡೆತ-ಕೊಲೆಯ ಅಪಾಯ ಜಾಸ್ತಿ. ಸಂಗಾತಿ ನಿಜವಾಗಿ ತಪ್ಪು ಮಾಡಿದ್ದರೂ ಇದು ಭ್ರಾಂತಿಯಾಗಿರಬಹುದು ಎಂಬುದು ಹಳೆಯ ಮನೋವೈದ್ಯರ ಪಾಠ. ‘ಒಣಗಲು ಹಾಕಿದ ಸೀರೆಯ ದಿಕ್ಕು ನೋಡಿ ತಿಳಿದೆ’ ಎಂದರೆ, ತೀರ್ಮಾನ ಆಕಸ್ಮಿಕವಾಗಿ ಸರಿಯಾದರೂ ದಾರಿ ರೋಗದ್ದೇ. ಇವುಗಳ ಆಚೆಗೆ ಅಪರೂಪದವೂ ಇವೆ. ತನ್ನ ಕರುಳು ಕೊಳೆತಿದೆ, ತಾನು ಸತ್ತೇಹೋಗಿದ್ದೇನೆ ಎಂಬುದನ್ನು ಫ್ರಾನ್ಸಿನ ವೈದ್ಯ ಕೊತಾರ್ 1880ರಲ್ಲಿ ಹೇಳಿದರು. ಮನೆಯವರ ವೇಷದಲ್ಲಿ ಬೇರೆ ಯಾರೋ ಬಂದಿದ್ದಾರೆ ಎಂಬುದನ್ನು ಅದೇ ದೇಶದ ಕಪ್‌ಗ್ರಾ 1923ರಲ್ಲಿ ವಿವರಿಸಿದರು.

ಭ್ರಾಂತಿ ತನ್ನ ಕಾಲದ ಬಟ್ಟೆ ತೊಟ್ಟುಕೊಳ್ಳುತ್ತದೆ. ದೂರದಿಂದ ‘ಗಾಳಿಯ ಮಗ್ಗ’ ಎಂಬ ಯಂತ್ರವೊಂದು ತನ್ನನ್ನು ಹಿಂಸಿಸುತ್ತಿದೆ ಎನ್ನುತ್ತಿದ್ದ ಜೇಮ್ಸ್ ಟಿಲ್ಲಿ ಮ್ಯಾಥ್ಯೂಸನ ಕತೆಯನ್ನು ಲಂಡನ್ನಿನಲ್ಲಿ ಜಾನ್ ಹ್ಯಾಸ್ಲಮ್ 1810ರಲ್ಲಿ ದಾಖಲಿಸಿದರು. ಅದು ಹೊಸ ಮಗ್ಗಗಳ ಕಾಲ. ಇಂದು ಅದೇ ಸಂಕಟ ಮೊಬೈಲ್ ಟವರಿನ, ಸಿಸಿ ಕ್ಯಾಮರಾದ ಹೆಸರಿನಲ್ಲಿ ಬರುತ್ತದೆ. ನಿಮ್ಮ ಮನೆಯಲ್ಲಿ ಸುರಂಗದ ಹೆಸರಿನಲ್ಲಿ ಬಂದಿದೆ.

ವೈದ್ಯನಿಗೆ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ವಿಂಗಡಣೆ ಬೇರೆ: ಈ ಭ್ರಾಂತಿ ಯಾವುದರ ಬೆನ್ನಿಗೆ ಬಂದಿದೆ? ತೀವ್ರ ಖಿನ್ನತೆಯಲ್ಲಿ ‘ನಾನು ಪಾಪಿ, ಮನೆ ದಿವಾಳಿಯಾಗಿದೆ’ ಎಂಬ ಭ್ರಾಂತಿ ಹುಟ್ಟುತ್ತದೆ, ಉನ್ಮಾದದಲ್ಲಿ ಹಿರಿಮೆಯದು. ಅವು ಮನಸ್ಥಿತಿಯ ಬಣ್ಣವನ್ನೇ ಹೊತ್ತಿರುತ್ತವೆ. ಮನಸ್ಥಿತಿಯಿಂದ ಅರ್ಥಮಾಡಿಕೊಳ್ಳಬಹುದಾದ ಇಂಥವನ್ನು ಯಾಸ್ಪರ್ಸ್ ಒಂದು ಕಡೆ ಇಟ್ಟರು. ಏನು ಮಾಡಿದರೂ ಹಿನ್ನೆಲೆಯಿಂದ ಅರ್ಥವಾಗದೆ ಇದ್ದಕ್ಕಿದ್ದಂತೆ ಹೊಳೆದು ಬರುವುದನ್ನು ನಿಜವಾದ, ಪ್ರಾಥಮಿಕ ಭ್ರಾಂತಿ ಎಂದರು. ಮೊದಲು ಯಾವ ಸಂಶಯವೂ ಇಲ್ಲದವನಿಗೆ ದಾರಿಬದಿಯ ಕೆಂಪು ಕೊಡೆ ಕಂಡು, ‘ನನ್ನನ್ನು ರಾಜನಾಗಿ ಆರಿಸಿದ್ದಾರೆ’ ಎಂದು ಆ ಕ್ಷಣವೇ ಗೊತ್ತಾದರೆ ಅದು ಭ್ರಾಂತಿಯ ಗ್ರಹಿಕೆ. ಜರ್ಮನಿಯ ಮನೋವೈದ್ಯ ಕುರ್ಟ್ ಶ್ನೈಡರ್ ಅದನ್ನು ಸ್ಕಿಜೋಫ್ರೇನಿಯದ ಮೊದಲ ಸಾಲಿನ ಲಕ್ಷಣಗಳಲ್ಲಿ ಸೇರಿಸಿದರು. ಅಮ್ಮನ ಪಂಪಿನ ಸದ್ದು ಹಾಗಲ್ಲ. ಸಂಶಯ ಮೊದಲೇ ಬೇರೂರಿದೆ, ಸದ್ದು ಅದಕ್ಕೆ ಬಂದು ಸೇರಿಕೊಂಡಿದೆ.

ಹಾಗಾಗಿ ಸ್ಕಿಜೋಫ್ರೇನಿಯದ ಪ್ರಶ್ನೆಗೆ: ನೀವು ಬರೆದ ಪ್ರಕಾರ ಅಲ್ಲ. ಸ್ಕಿಜೋಫ್ರೇನಿಯದಲ್ಲಿ ಭ್ರಾಂತಿಯ ಜೊತೆಗೆ ಇಲ್ಲದ ದನಿಗಳು, ಜೋಡಣೆ ತಪ್ಪಿದ ಮಾತು, ಬತ್ತಿಹೋದ ಭಾವನೆ, ಕುಸಿಯುವ ದಿನನಿತ್ಯದ ಬದುಕು, ಇವುಗಳಲ್ಲಿ ಕೆಲವಾದರೂ ಇರುತ್ತವೆ. ನನ್ನ ಯೋಚನೆಯನ್ನು ಯಾರೋ ಒಳಗೆ ತುರುಕುತ್ತಿದ್ದಾರೆ ಎಂಬಂಥ ಅನುಭವಗಳಿರಬಹುದು. ಫೈಲಿನಲ್ಲಿರುವ ‘ಡೆಲ್ಯೂಶನಲ್ ಡಿಸಾರ್ಡರ್’, ಅಂದರೆ ಭ್ರಾಂತಿ ರೋಗದಲ್ಲಿ ಒಂದು ಕೋಣೆ ಮಾತ್ರ ಕತ್ತಲಾಗಿರುತ್ತದೆ, ಉಳಿದ ಮನೆಯಲ್ಲಿ ದೀಪ ಉರಿಯುತ್ತಲೇ ಇರುತ್ತದೆ. ಅಡಿಕೆಯ ಲೆಕ್ಕ ತಪ್ಪದಿರುವುದು ಅದಕ್ಕೇ. ನೀರು ಕಹಿ ಎನಿಸುವಂಥ, ಅದೇ ವಿಷಯಕ್ಕೆ ಸೇರಿದ ಅನುಭವ ಇದರಲ್ಲಿಯೂ ಇರಬಹುದು. ಡಿಎಸ್‌ಎಂ ಪ್ರಕಾರ ಇದು ಒಂದು ತಿಂಗಳಾದರೂ ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ ಮೂರು ತಿಂಗಳು ಎನ್ನುತ್ತದೆ. ಫೈಲಿನಲ್ಲಿ ಎಫ್22 ಎಂದಿದ್ದರೆ ಅದು ಐಸಿಡಿ-10ರ ಸಂಖ್ಯೆ, 2022ರಿಂದ ಜಾರಿಯಲ್ಲಿರುವ ಐಸಿಡಿ-11ರಲ್ಲಿ 6ಎ24. ಜೀವಮಾನದಲ್ಲಿ ಸುಮಾರು 500ರಲ್ಲಿ ಒಬ್ಬರಿಗೆ ಬರುವ ಈ ರೋಗ ಹೆಚ್ಚಾಗಿ ನಡುವಯಸ್ಸು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ.

ಆದರೆ 60 ದಾಟಿದವರಲ್ಲಿ ಹೊಸದಾಗಿ ಭ್ರಾಂತಿ ಕಂಡರೆ ಇಷ್ಟಕ್ಕೇ ನಿಲ್ಲಬಾರದು. ಮರೆವಿನ ರೋಗದ ಮೊದಲ ಹೆಜ್ಜೆ, ಥೈರಾಯ್ಡ್, ಬಿ12 ಕೊರತೆ, ಸ್ಟೆರಾಯ್ಡಿನಂಥ ಔಷಧ ಇವನ್ನೆಲ್ಲ ನೋಡಬೇಕು. ದಯವಿಟ್ಟು ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಕಿವಿ ಮಂದವಾದಾಗ ಪಕ್ಕದ ಕೋಣೆಯ ಮಾತು ಅರ್ಧ ಮಾತ್ರ ಕೇಳುತ್ತದೆ, ಉಳಿದರ್ಧವನ್ನು ಭಯ ತುಂಬಿಸುತ್ತದೆ. ಅಪ್ಪ ಹೋದ ಎರಡು ವರ್ಷದ ಒಂಟಿತನವನ್ನೂ ಡಾಕ್ಟರಿಗೆ ಹೇಳಿ. ಒಳಗೆ ಖಿನ್ನತೆ ಅಡಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಚಿಕ್ಕಮ್ಮನದ್ದು ಬಹುಶಃ ಅಂಟಿಬಂದ ಭ್ರಾಂತಿ. ಇಬ್ಬರಿಗೂ ಒಂದೇ ಹುಚ್ಚು ಎಂದು 1877ರಲ್ಲಿ ಫ್ರಾನ್ಸಿನ ಲಸೇಗ್ ಮತ್ತು ಫಾಲ್ರೆ ಇದನ್ನು ಕರೆದರು. ಒಂದೇ ಸೂರಿನಡಿ, ಹೊರಗಿನ ಒಡನಾಟ ಕಡಿಮೆಯಾಗಿ, ಗಟ್ಟಿ ಮನಸ್ಸಿನವರ ಭ್ರಾಂತಿಯನ್ನು ಅವರನ್ನೇ ನೆಚ್ಚಿಕೊಂಡವರು ತಮ್ಮದಾಗಿಸಿಕೊಳ್ಳುತ್ತಾರೆ. ಹತ್ತು-ಹದಿನೈದು ದಿನ ಚಿಕ್ಕಮ್ಮನನ್ನು ನಿಮ್ಮ ಮನೆಗೋ ಇನ್ನೊಬ್ಬ ಅಕ್ಕನ ಮನೆಗೋ ಕರೆದುಕೊಂಡು ಹೋಗಿ. ಅಲ್ಲಿ ನೀರಿನ ಮಾತು ತಾನಾಗಿ ಸಡಿಲವಾದರೆ, ಅವರಿಗೆ ಮಾತ್ರೆಯೇ ಬೇಡವಾಗಬಹುದು. ಅಮ್ಮನನ್ನು ಆ ದಿನಗಳಲ್ಲಿ ಒಂಟಿ ಬಿಡಬೇಡಿ.

ಅಮ್ಮನಿಗೆ ರಿಸ್ಪೆರಿಡೋನ್, ಓಲಾಂಜಪಿನ್ ಬಗೆಯ ಔಷಧ ಈ ವಯಸ್ಸಿಗೆ ತಕ್ಕ ಚಿಕ್ಕ ಪ್ರಮಾಣದಲ್ಲಿ ಬೇಕಾಗುತ್ತದೆ. ಪರಿಣಾಮ ಕಾಣಲು ವಾರಗಳೇ ಹಿಡಿಯುತ್ತವೆ. ಎಷ್ಟೋ ಜನರಲ್ಲಿ ನಂಬಿಕೆ ಪೂರ್ತಿ ಅಳಿಯುವುದಿಲ್ಲ, ಅದರ ಬಿಸಿ ಇಳಿಯುತ್ತದೆ: ‘ಹಾಕುತ್ತಿದ್ದರೇನೋ, ಈಗ ನಿಲ್ಲಿಸಿದ್ದಾರೆ’ ಎನ್ನುತ್ತಾರೆ. ನಾನದನ್ನು ಗೆಲುವೆಂದೇ ಎಣಿಸುತ್ತೇನೆ. ಮಾತ್ರೆಗೆ ಒಪ್ಪಿಸುವಾಗ ‘ನಿನ್ನ ನಂಬಿಕೆ ತಪ್ಪು, ಅದಕ್ಕೆ ಮದ್ದು’ ಅನ್ನಬೇಡಿ. ‘ಎಂಟು ತಿಂಗಳಿಂದ ನಿನಗೆ ನೆಮ್ಮದಿಯಿಲ್ಲ, ರಾತ್ರಿ ನಿದ್ದೆಯಿಲ್ಲ, ಅದಕ್ಕೆ ಡಾಕ್ಟರು ಕೊಟ್ಟದ್ದು ಇದು’ ಎನ್ನಿ. ಅದು ಸುಳ್ಳಲ್ಲ. ಮಾತ್ರೆಯ ಪಟ್ಟಿಯನ್ನು ಅವರೇ ತಮ್ಮ ಕೈಯಿಂದ ಬಿಡಿಸಲಿ. ವಾದಕ್ಕಿಳಿಯಬೇಡಿ, ಹಾಗೆಂದು ‘ಹೌದಮ್ಮ, ಅವರು ಹಾಕುತ್ತಿದ್ದಾರೆ’ ಎಂದು ತಾಳವನ್ನೂ ಹಾಕಬೇಡಿ. ‘ನನಗೆ ಹಾಗೆ ಕಾಣುವುದಿಲ್ಲ, ಆದರೆ ನಿನಗೆ ಎಷ್ಟು ಹೆದರಿಕೆಯಾಗುತ್ತಿದೆ ಎಂದು ಕಾಣುತ್ತದೆ’ ಎಂಬಲ್ಲಿ ನಿಲ್ಲಿ. ಅಮ್ಮ ಊಟ ಬಿಟ್ಟರೆ, ನೆರೆಮನೆಗೆ ನುಗ್ಗುವ ಮಾತಾಡಿದರೆ, ಬದುಕು ಬೇಡ ಅಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನಡುರಾತ್ರಿ ಏನೂ ತೋಚದಿದ್ದರೆ 14416, ಸರ್ಕಾರದ ಟೆಲಿ-ಮಾನಸ್. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ನೀರಿನ ಪರೀಕ್ಷೆಯನ್ನು ಖಂಡಿತ ಮಾಡಿಸಿ. ಮನೆಮಂದಿ ಕುಡಿಯುವ ನೀರು ಅದು, ಮೇಲಾಗಿ ಎಂಡೋಸಲ್ಫಾನ್ ಕಂಡ ಜಿಲ್ಲೆ ನಮ್ಮದು. ಯಾವ ಬಾಟಲಿ ಕೊಡಬೇಕೆಂದು ಅಮ್ಮನನ್ನೇ ಕೇಳಿ, ಹೊಸ ನೀರನ್ನು ಅವರ ಎದುರಿಗೇ ಹಿಡಿಯಿರಿ. ರಿಪೋರ್ಟ್ ಬಂದಾಗ ಅವರ ಕೈಗೆ ಕೊಟ್ಟು, ಕೇಳಿದರೆ ಮಾತ್ರ ಓದಿ ಹೇಳಿ. ಅದರಿಂದ ಅವರ ಮನಸ್ಸು ತಿರುಗುತ್ತದೆ ಎಂದು ಕಾಯಬೇಡಿ. ‘ಲ್ಯಾಬಿನವರಿಗೂ ಹೇಳಿಟ್ಟಿದ್ದಾರೆ’ ಎಂದರೆ ಬೇಸರಪಡಬೇಡಿ. ಮೆಟ್ಟಿಲ ಮೇಲಿನ ಬಾಟಲಿಗಳನ್ನು ಅವರು ಮಲಗಿದಾಗ ತೆಗೆದು ಚೆಲ್ಲಬೇಡಿ. ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಆ ಸಾಲಿನ ಒಂದು ಫೋಟೊ ತೆಗೆದುಕೊಂಡು ಹೋಗಿ. ಚೀಟಿಯ ತಾರೀಕು ದಿನಾ ಇದೆಯೇ, ನಡುವೆ ಎಲ್ಲಾದರೂ ಬಿಟ್ಟುಹೋಗಿದೆಯೇ ಎಂದು ನೋಡಿಡಿ. ಮೊಮ್ಮಕ್ಕಳು ರಜೆಗೆ ಬಂದ ವಾರ ಅವರು ನೀರು ಹಿಡಿಯಲು ಮರೆತಿದ್ದರೆ, ಡಾಕ್ಟರಿಗೆ ಮೊದಲು ಅದನ್ನೇ ಹೇಳಿ.